ನಾಯಿನ ಬಿಟ್ಟು ಬಂದ್ರೆ ಚಿಗಟ ಹೋಗಲ್ಲ: ಅದಿರೋದು ನಿಮ್ಮ ಮನೆ ನೆಲದಲ್ಲಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡ್ತೀನಿ. ಇವತ್ತಿನ ಮಾತು ಕೇಳ್ತಾ ಕೇಳ್ತಾ ನಿಮಗೆ ಕಾಲು ಕೆರೆಯೋಕೆ ಶುರುವಾಗುತ್ತೆ. ನನಗೆ ಈಗಾಗಲೇ ಶುರುವಾಗಿದೆ. ವಿಷಯ ಚಿಗಟ.

ನಗಬೇಡಿ. ಕಳೆದ ವರ್ಷ ಆಷಾಢದಲ್ಲಿ ನಮ್ಮ ಮನೇಲಿ ಇದೇ ವಿಷಯಕ್ಕೆ ಒಂದು ಜೀವ ಹೋಯ್ತು. ಇನ್ನೊಂದು ಜೀವ ಬೀದಿಪಾಲಾಗೋದು ಸ್ವಲ್ಪದರಲ್ಲಿ ತಪ್ತು. ಅದರಲ್ಲಿ ಚಿಗಟದ ತಪ್ಪು ಕಮ್ಮಿ, ನಮ್ಮ ತಪ್ಪೇ ಜಾಸ್ತಿ. ಅದಕ್ಕೇ ಹೇಳ್ತಿದೀನಿ.

ನಮ್ಮೂರು ಹೊಳೆನರಸೀಪುರ ತಾಲ್ಲೂಕು. ನಾನು ಕೆಲಸಕ್ಕೆ ಅಂತ ಹಾಸನದಲ್ಲಿ ರೂಮ್ ಮಾಡ್ಕೊಂಡಿದೀನಿ, ಶನಿವಾರ ಸಂಜೆ ಊರಿಗೆ ಹೋಗ್ತೀನಿ. ಮನೇಲಿ ಅಪ್ಪ, ಅಮ್ಮ, ಅಜ್ಜಿ, ಎರಡು ಹಸು, ಕರಿಯ ಅನ್ನೋ ನಾಯಿ, ಪುಟ್ಟಿ ಅನ್ನೋ ಬೆಕ್ಕು. ಆ ವಾರ ಚನ್ನರಾಯಪಟ್ಟಣದಿಂದ ಅಕ್ಕ ಬಂದಿದ್ಲು, ಜೊತೆಗೆ ಎರಡು ವರ್ಷದ ಮಗು. ಎರಡನೇ ದಿನ ಮಗುವಿನ ಪಾದದಿಂದ ಮೊಣಕಾಲಿನವರೆಗೆ ಕೆಂಪು ಗುಳ್ಳೆ. ಮೂರು ಇಲ್ಲಿ, ನಾಲ್ಕು ಅಲ್ಲಿ, ಗುಂಪು ಗುಂಪಾಗಿ. ಸೊಳ್ಳೆ ಅಂದ್ರು ಅಮ್ಮ. ಕಜ್ಜಿ ಇರಬಹುದು ಅಂದ್ಲು ಅಕ್ಕ. ಅಜ್ಜಿ ಮಾತ್ರ ಮಗುವಿನ ಕಾಲು ನೋಡಿ, "ಚಿಗಟ ಕಣ್ರವ್ವಾ, ನಾಯಿ ಮಲಗೋ ಜಾಗ ನೋಡಿ" ಅಂದ್ರು.

ನೋಡಿದ್ವಿ. ಕರಿಯನ ಬಾಲದ ಬುಡದಲ್ಲಿ ಕೂದಲು ಬಿಡಿಸಿದ್ರೆ ಕಂದು ಬಣ್ಣದ ಸಣ್ಣ ಹುಳ ಸರಸರ ಓಡ್ತಿದಾವೆ. ಹಿಡಿಯೋಕೆ ಹೋದ್ರೆ ಟಪ್ ಅಂತ ಹಾರ್ತವೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಯಾಕಂದ್ರೆ ನಮ್ಮ ಕಡೆ ಚಿಗಟಕ್ಕೂ ಉಣ್ಣೆಗೂ ಒಂದೇ ಔಷಧಿ ಅಂದ್ಕೊಂಡಿರ್ತೀವಿ. ಉಣ್ಣೆ, ಮಲೆನಾಡಿನ ಕಡೆ ಉಣುಗು ಅಂತಾರಲ್ಲ, ಅದಕ್ಕೆ ಎಂಟು ಕಾಲು. ಒಂದು ಕಡೆ ಕಚ್ಚಿ ಹಿಡಿದು ರಕ್ತ ಕುಡಿದು ಹರಳಿನ ಬೀಜದ ಥರ ಊದಿಕೊಳ್ಳುತ್ತೆ, ಹಾರಲ್ಲ. ಚಿಗಟಕ್ಕೆ ಆರು ಕಾಲು, ರೆಕ್ಕೆ ಇಲ್ಲ, ಎರಡು ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ ಮೈ. ಅದಕ್ಕೇ ಕೂದಲ ನಡುವೆ ಅಷ್ಟು ಸಲೀಸಾಗಿ ನುಗ್ಗುತ್ತೆ. ಉದ್ದ ಎರಡು ಮೂರು ಮಿಲಿಮೀಟರ್ ಇದ್ರೆ ಹೆಚ್ಚು, ಆದ್ರೆ ಮೇಲಕ್ಕೆ ಒಂದು ಗೇಣು ಹಾರುತ್ತೆ. ನಿಂತಿರೋ ದೊಡ್ಡವರಿಗೆ ಕಾಲಿಗೆ ಕಚ್ಚೋದು ಅದಕ್ಕೇ.

ಹುಳ ಕಣ್ಣಿಗೆ ಬೀಳದಿದ್ರೂ ಪತ್ತೆ ಮಾಡಬಹುದು. ಹೇನು ಬಾಚೋ ಬಾಚಣಿಗೆಯಲ್ಲಿ ನಾಯಿ ಬೆಕ್ಕಿನ ಬೆನ್ನು ಬಾಚಿ. ಕರಿಮೆಣಸಿನ ಪುಡಿ ಥರ ಉದುರಿದ್ದನ್ನ ಒದ್ದೆ ಮಾಡಿದ ಬಿಳಿ ಹತ್ತಿ ಮೇಲೆ ಹಾಕಿ. ಬರೀ ಮಣ್ಣಾದ್ರೆ ಹಾಗೇ ಇರುತ್ತೆ. ಸುತ್ತ ಕೆಂಪು ಕಂದು ಬಣ್ಣ ಬಿಟ್ಕೊಂಡ್ರೆ ಅದು ಚಿಗಟದ ಹಿಕ್ಕೆ, ಅಂದ್ರೆ ನಿಮ್ಮ ಪ್ರಾಣಿ ರಕ್ತವೇ.

ಸರಿ, ಕಥೆಗೆ ಬರ್ತೀನಿ. ಕೊಟ್ಟಿಗೆ ಗೂಡಲ್ಲಿ ಹಸುವಿನ ಉಣ್ಣೆಗೆ ಅಂತ ತಂದಿಟ್ಟಿದ್ದ ಔಷಧಿ ಬಾಟಲಿ ಇತ್ತು. ಸೈಪರ್‌ಮೆಥ್ರಿನ್. ಎಷ್ಟು ನೀರಿಗೆ ಎಷ್ಟು ಹಾಕ್ಬೇಕು ಅಂತ ಚೀಟಿ ಮೇಲೆ ಇತ್ತು, ಆದ್ರೆ ಅದು ಹಸುವಿಗೆ. ನಾನೇ ಅಂದಾಜಲ್ಲಿ ಒಂದು ಮಗ್ಗು ನೀರಿಗೆ ಒಂದು ಮುಚ್ಚಳ ಹಾಕ್ದೆ. ಕರಿಯನಿಗೆ ಬಟ್ಟೆ ಅದ್ದಿ ಒರೆಸಿದೆ. ಪಾಪ, ಪುಟ್ಟಿಗೂ ಇರುತ್ತಲ್ಲ ಅಂತ ಅದೇ ಬಟ್ಟೇಲಿ ಪುಟ್ಟಿಗೂ ಚೆನ್ನಾಗಿ ಒರೆಸಿದೆ.

ಕರಿಯ ಸ್ವಲ್ಪ ಹೊತ್ತು ಜೊಲ್ಲು ಸುರಿಸ್ಕೊಂಡು ಸರಿಹೋದ. ಪುಟ್ಟಿ ಎಂದಿನ ಹಾಗೆ ಮೈಯೆಲ್ಲ ನೆಕ್ಕಿಕೊಂಡು ಕ್ಲೀನ್ ಮಾಡ್ಕೊಳ್ತು. ರಾತ್ರಿ ಹತ್ತು ಗಂಟೆಗೆ ಕಿವಿ ಅದುರೋಕೆ ಶುರುವಾಯ್ತು. ಆಮೇಲೆ ಕಾಲು. ಆಮೇಲೆ ಇಡೀ ಮೈ. ನಾವು ಚಳಿ ಅಂದ್ಕೊಂಡು ಕಂಬಳಿ ಹೊದಿಸಿ, ಬಿಸಿ ಹಾಲು ಕುಡಿಸೋಕೆ ನೋಡಿದ್ವಿ. ಬೆಳಗಿನ ಜಾವ ಪುಟ್ಟಿ ಇರ್ಲಿಲ್ಲ.

ಸೋಮವಾರ ಹಾಸನದಲ್ಲಿ ಒಬ್ಬ ಪಶುವೈದ್ಯರ ಹತ್ರ ಹೋಗಿ ನಡೆದಿದ್ದೆಲ್ಲ ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ, ಒಂದು ಪೇಪರ್ ತಗೊಂಡು ಪಾಠ ಮಾಡಿದ್ರು. ಅವರು ಹೇಳಿದ ಮೊದಲನೇ ಮಾತು, ನೀವೂ ನೆನಪಿಟ್ಕೊಳ್ಳಿ: ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇವೆಲ್ಲ ಒಂದೇ ಕುಟುಂಬದ ಔಷಧಿಗಳು. ಹಸು, ನಾಯಿ ತಕ್ಕ ಪ್ರಮಾಣದಲ್ಲಿ ತಡ್ಕೊಳ್ತವೆ. ಬೆಕ್ಕಿನ ಲಿವರ್‌ಗೆ ಇದನ್ನ ಒಡೆದು ಹೊರಗೆ ಹಾಕೋ ಶಕ್ತಿ ಬಹಳ ಕಮ್ಮಿ. ಮೈಯಲ್ಲೇ ಉಳಿದು ನರಕ್ಕೆ ಏರುತ್ತೆ. ಅದುರು, ಜೊಲ್ಲು, ಫಿಟ್ಸ್, ಕೊನೆಗೆ ಸಾವು. ನಾಯಿಗೆ ಅಂತ ಬರೋ ಕೆಲವು ಕುತ್ತಿಗೆ ಹನಿ ಔಷಧಿಗಳಲ್ಲೂ ಪರ್ಮೆಥ್ರಿನ್ ಇರುತ್ತೆ. ಹಾಗಾಗಿ ನಾಯಿ ಔಷಧಿ ಬೆಕ್ಕಿಗೆ ಯಾವತ್ತೂ ಬೇಡ. "ಸ್ವಲ್ಪ ಹಾಕಿದ್ರೆ ಏನಾಗುತ್ತೆ" ಅನ್ನೋದೂ ಬೇಡ.

ಒಂದು ವೇಳೆ ಯಾರಾದ್ರೂ ಹಾಕಿಬಿಟ್ಟಿದ್ರೆ ಏನ್ ಮಾಡೋದು? ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ತಗೊಂಡು ಕೂಡಲೇ ಬೆಕ್ಕನ್ನ ತೊಳೆಯಿರಿ. ಒರೆಸಿ ಬೆಚ್ಚಗಿಡಿ, ನೆಕ್ಕೋಕೆ ಬಿಡಬೇಡಿ. ಹಾಲು, ಎಣ್ಣೆ ಏನೂ ಕುಡಿಸಬೇಡಿ, ವಾಂತಿ ಮಾಡಿಸೋಕೆ ಹೋಗಬೇಡಿ. ಔಷಧಿ ಬಾಟಲಿ ಸಮೇತ ಡಾಕ್ಟರ್ ಹತ್ರ ಓಡಿ. ಅದುರು ಶುರುವಾಗೋವರೆಗೂ ಕಾಯಬೇಡಿ. ಬೇಗ ಚಿಕಿತ್ಸೆ ಸಿಕ್ಕಿದ್ರೆ ಬಹಳಷ್ಟು ಬೆಕ್ಕು ಉಳಿಯುತ್ತವೆ ಅಂದ್ರು. ಆ ಮಾತು ಕೇಳಿದಾಗ ನನ್ನ ಹೊಟ್ಟೆಯೊಳಗೆ ಏನಾಯ್ತು ಅಂತ ಇಲ್ಲಿ ಹೇಳೋಕಾಗಲ್ಲ.

ಎರಡನೇ ಪಾಠ ಪೇಪರ್ ಮೇಲೆ. ಡಾಕ್ಟರ್ ನೂರು ಅಂತ ಬರೆದ್ರು. ನಿಮ್ಮ ಮನೇಲಿ ಒಟ್ಟು ನೂರು ಚಿಗಟ ಇದಾವೆ ಅಂತ ಇಟ್ಕೊಳ್ಳಿ. ಅದರಲ್ಲಿ ನಾಯಿ ಮೈ ಮೇಲೆ ಹಾರಾಡೋ ದೊಡ್ಡ ಚಿಗಟ ಸುಮಾರು 5. ಉಳಿದ 95 ನೆಲದಲ್ಲಿ. ಅದರಲ್ಲಿ ಸುಮಾರು 50 ಮೊಟ್ಟೆ, 35 ಮರಿಹುಳ, 10 ಗೂಡು ಕಟ್ಕೊಂಡಿರೋ ಕೋಶ.

ಹೇಗೆ ಅಂತೀರಾ? ಚಿಗಟ ಪ್ರಾಣಿ ಮೈಗೆ ಹತ್ತಿ, ರಕ್ತ ಕುಡಿದು, ಒಂದೆರಡು ದಿನದಲ್ಲೇ ಮೊಟ್ಟೆ ಇಡೋಕೆ ಶುರು ಮಾಡುತ್ತೆ. ಚೆನ್ನಾಗಿ ತಿಂದಿರೋ ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ದಿನಕ್ಕೆ 40ರ ಲೆಕ್ಕ ಹಿಡಿದ್ರೂ 20 ದಿನಕ್ಕೆ 800. ಮೊಟ್ಟೆ ನುಣುಪು, ಕೂದಲಿಗೆ ಅಂಟಲ್ಲ. ನಾಯಿ ಎಲ್ಲಿ ಮಲಗುತ್ತೋ, ಮೈ ಒದರುತ್ತೋ ಅಲ್ಲೆಲ್ಲ ಉದುರುತ್ತೆ. ಕೆಲವೇ ದಿನದಲ್ಲಿ ಮರಿಹುಳ ಹೊರಗೆ ಬರುತ್ತೆ. ಅದಕ್ಕೆ ಬೆಳಕು ಆಗಲ್ಲ. ಚಾಪೆ ಕೆಳಗೆ, ನೆಲದ ಬಿರುಕಿಗೆ, ಗೋಣಿಚೀಲದ ಅಡಿಗೆ, ಸೋಫಾ ಸಂದಿಗೆ ಸೇರ್ಕೊಳ್ಳುತ್ತೆ. ಅಲ್ಲಿ ಮೇಲಿಂದ ಉದುರಿದ ಚಿಗಟದ ಹಿಕ್ಕೆಯನ್ನೇ ತಿಂದು ಬೆಳೆಯುತ್ತೆ. ಆಮೇಲೆ ಅಂಟು ನೂಲಿನ ಗೂಡು ಕಟ್ಕೊಂಡು ಅದಕ್ಕೆ ಧೂಳು ಮೆತ್ತಿಸಿಕೊಂಡು ಒಳಗೆ ಕೂರುತ್ತೆ. ಬೆಚ್ಚಗೆ ತೇವ ಇದ್ರೆ ಈ ಚಕ್ರ ಮೂರು ನಾಲ್ಕು ವಾರದಲ್ಲಿ ಮುಗಿಯುತ್ತೆ. ಆ ಗೂಡಿನೊಳಕ್ಕೆ ಸ್ಪ್ರೇ ಸರಿಯಾಗಿ ಇಳಿಯಲ್ಲ. ಅನುಕೂಲ ಇಲ್ಲ ಅನ್ನಿಸಿದ್ರೆ ಒಳಗಿರೋ ಚಿಗಟ ತಿಂಗಳುಗಟ್ಟಲೆ ಹಾಗೇ ಕಾಯುತ್ತೆ. ನಡೆದಾಡೋ ಅದುರು, ಮೈ ಶಾಖ, ಉಸಿರಿನ ಗಾಳಿ ತಾಗಿದ ಕೂಡಲೇ ಈಚೆ ಹಾರುತ್ತೆ.

ಈ ಕಾಯೋ ಗುಣ ಗೊತ್ತಾದ ಮೇಲೆ ಅಕ್ಕ ಹಿಂದೊಂದು ಸಲ ಹೇಳಿದ್ದ ಒಗಟು ಬಿಡ್ತು. ಚನ್ನರಾಯಪಟ್ಟಣದಲ್ಲಿ ಅವಳು ಬಾಡಿಗೆಗೆ ಹೋದ ಮನೆ ಎರಡು ತಿಂಗಳು ಬೀಗ ಹಾಕಿತ್ತಂತೆ. ಅಕ್ಕನ ಮನೇಲಿ ನಾಯಿ ಇಲ್ಲ, ಬೆಕ್ಕಿಲ್ಲ. ಆದ್ರೂ ಹಾಲು ಉಕ್ಕಿಸಿದ ದಿನ ಸಂಜೆಯೇ ಭಾವನ ಬಿಳಿ ಪಂಚೆ ಮೇಲೆ ಚಿಗಟ ಹತ್ತಿದ್ವು. ಹಿಂದೆ ಇದ್ದೋರು ನಾಯಿ ಸಾಕಿದ್ರು. ನಾಯಿ ಹೋಗಿತ್ತು, ಗೂಡುಗಳು ನೆಲದಲ್ಲೇ ಕಾಯ್ತಿದ್ವು. ಎರಡು ತಿಂಗಳ ನಂತರ ಮನುಷ್ಯರ ಹೆಜ್ಜೆ ಸದ್ದಾಗಿದ್ದೇ ತಡ, ಎಲ್ಲ ಒಟ್ಟಿಗೆ ಎದ್ದವು.

ಇಷ್ಟು ಕೇಳ್ಕೊಂಡು ಊರಿಗೆ ಹೋದ್ರೆ ಅಪ್ಪ ಬೇರೆಯದೇ ತೀರ್ಮಾನ ಮಾಡ್ಕೊಂಡು ಕೂತಿದ್ರು. "ಮಗುಗೆ ಕಚ್ಚಿದೆ, ಬೆಕ್ಕು ಸತ್ತಿದೆ, ಸಾಕು ಮಗಾ. ನಾಳೆ ಕರಿಯನ್ನ ಸಂತೆ ಹತ್ರ ಬಿಟ್ಟು ಬರ್ತೀನಿ. ಅಲ್ಲಿ ಹೆಂಗೋ ಬದುಕ್ಕೊಳುತ್ತೆ."

ನಾನು ಪೇಪರ್ ತೋರಿಸಿದೆ. 5, 95 ಅಂತೆಲ್ಲ ಹೇಳಿದೆ. ಅಪ್ಪನಿಗೆ ಲೆಕ್ಕ ಹಿಡಿಸಲಿಲ್ಲ. ಹಿಡಿಸಿದ್ದು ಅಜ್ಜಿ ಹೇಳಿದ ಮಾತು. ಅಜ್ಜಿ ಕೇಳಿದ್ರು: "ಪ್ಲೇಗಿನ ಕಾಲದಲ್ಲಿ ಇಲಿ ಬಿತ್ತು ಅಂದ್ರೆ ಊರು ಬಿಡ್ತಿದ್ರಲ್ಲ, ಯಾಕೋ? ಇಲಿ ಸತ್ತ ಮೇಲೆ ಅಲ್ವಾ ಜನ ಸಾಯೋಕೆ ಶುರುವಾಗ್ತಿದ್ದಿದ್ದು?"

ನಮ್ಮ ವಯಸ್ಸಿನೋರಿಗೆ ಇದು ಗೊತ್ತಿರಲ್ಲ, ಹೇಳ್ತೀನಿ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅಲ್ಲಿಂದ ಮೈಸೂರು ಸಂಸ್ಥಾನದ ಬೇರೆ ಕಡೆಗೂ ಹಬ್ಬಿತು. ಮನೇಲಿ ಇಲಿ ಸತ್ತು ಬಿದ್ದರೆ ಜನ ಊರ ಹೊರಗೆ ಗುಡಿಸಲು ಹಾಕ್ಕೊಂಡು ಇರ್ತಿದ್ರು. ಇವತ್ತಿಗೂ ಹಳೇ ಮೈಸೂರು ಸೀಮೆಯಲ್ಲಿ ಪ್ಲೇಗಿನ ಅಮ್ಮನ ಗುಡಿಗಳಿವೆ. ಅದೇ 1898ರಲ್ಲಿ ಪಾಲ್ ಲೂಯಿ ಸಿಮಾಂಡ್ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ, ಪ್ಲೇಗನ್ನ ಇಲಿಯಿಂದ ಇಲಿಗೆ ದಾಟಿಸೋದು ಚಿಗಟ ಅಂತ ತೋರಿಸಿದ. ಇಲಿ ಬದುಕಿರೋವರೆಗೂ ಚಿಗಟ ಅದರ ಮೇಲೇ ಇರುತ್ತೆ. ಇಲಿ ಸತ್ತು ಮೈ ತಣ್ಣಗಾದ್ರೆ ಹಸಿದ ಚಿಗಟ ಕೆಳಗಿಳಿದು ಬೇರೆ ರಕ್ತ ಹುಡುಕುತ್ತೆ. ಆಗ ಪಕ್ಕದಲ್ಲಿರೋದು ಮನುಷ್ಯ.

ಭಯ ಬೇಡ. ಪ್ಲೇಗಿನದು ಇಲಿ ಚಿಗಟ. ನಮ್ಮ ನಾಯಿ ಬೆಕ್ಕಿನ ಮೇಲೆ ಇರೋದು ಬೇರೆ ಜಾತಿ. ಆದ್ರೆ ಹೊಟ್ಟೆಪಾಡಿನ ನಿಯಮ ಎರಡಕ್ಕೂ ಒಂದೇ. ಕರಿಯನ್ನ ಬಿಟ್ಟು ಬಂದ್ರೆ ನೆಲದಲ್ಲಿರೋ 95 ಎಲ್ಲೂ ಹೋಗಲ್ಲ. ಅವು ಎದ್ದು ಬಂದಾಗ ನಾಯಿ ಸಿಗಲ್ಲ, ಮಗುವಿನ ಕಾಲು ಸಿಗುತ್ತೆ.

ಡಾಕ್ಟರ್ ಹೇಳಿದ್ದ ಇನ್ನೊಂದು ಮಾತನ್ನ ಆಗ ಅಪ್ಪನಿಗೆ ಹೇಳ್ದೆ. ಸರಿಯಾದ ಔಷಧಿ ಹಾಕಿದ ನಾಯಿಯೇ ಮನೆಗೆ ಬಲೆ ಇದ್ದ ಹಾಗೆ. ಗೂಡಿಂದ ಎದ್ದ ಚಿಗಟ ನಾಯಿ ಮೈಗೆ ಹಾರುತ್ತೆ, ಮೊಟ್ಟೆ ಇಡೋಕೆ ಮುಂಚೆ ಸಾಯುತ್ತೆ. ಹಾಗಾಗಿ ನಾಯಿನ ದೂರ ಕಟ್ಟಿ ಹಾಕಬೇಡಿ, ಎಂದಿನ ಜಾಗದಲ್ಲೇ ಓಡಾಡೋಕೆ ಬಿಡಿ ಅಂದಿದ್ರು. ಅಪ್ಪ ಒಂದು ಬೀಡಿ ಮುಗಿಸೋವಷ್ಟು ಹೊತ್ತು ಸುಮ್ಮನಿದ್ದು, "ಮೂರು ತಿಂಗಳು ನೋಡಾನ" ಅಂದ್ರು.

ಮೂರು ತಿಂಗಳಲ್ಲಿ ನಾವು ಮಾಡಿದ್ದು ಇಷ್ಟು.

ಮೊದಲನೇದು ಪ್ರಾಣಿ. ಕರಿಯನ ತೂಕ ನೋಡಿ ಡಾಕ್ಟರ್ ಬರೆದುಕೊಟ್ಟ ಫಿಪ್ರೋನಿಲ್ ಹನಿ. ಕುತ್ತಿಗೆ ಹಿಂದೆ, ನಾಲಿಗೆ ತಲುಪದ ಜಾಗದಲ್ಲಿ ಕೂದಲು ಬಿಡಿಸಿ ಚರ್ಮದ ಮೇಲೆ ಹಾಕೋದು. ತಿಂಗಳಿಗೊಂದು ಸಲ, ಮೂರು ತಿಂಗಳು, ತಪ್ಪಿಸದೆ. ಹಾಕೋ ಎರಡು ದಿನ ಮುಂಚೆ, ಎರಡು ದಿನ ಆಮೇಲೆ ಸ್ನಾನ ಇಲ್ಲ. ನಾಯಿಗೆ ತಿನ್ನಿಸೋ ಮಾತ್ರೆಗಳೂ ಇವೆ, ಕೆಲವು ಒಂದು ತಿಂಗಳಿಗೆ, ಕೆಲವು ಮೂರು ತಿಂಗಳಿಗೆ. ಡಾಕ್ಟರ್ ಹೇಳಿದ್ರೆ ಮಾತ್ರ ಕೊಡಿ. ನಾಯಿಗೆ ಹಿಂದೆ ಯಾವತ್ತಾದ್ರೂ ಫಿಟ್ಸ್ ಬಂದಿದ್ರೆ ಮುಚ್ಚಿಡಬೇಡಿ. ಬೆಕ್ಕಿದ್ರೆ ಬೆಕ್ಕಿನದ್ದೇ ಔಷಧಿ. ಎರಡು ತಿಂಗಳಿಗಿಂತ ಚಿಕ್ಕ ಮರಿಗಳಿಗೆ ಕೇಳದೆ ಏನೂ ಹಾಕಬೇಡಿ, ಬಾಚಣಿಗೆಯಲ್ಲಿ ಬಾಚಿ ಸೋಪು ನೀರಲ್ಲಿ ಅದ್ದಿ. ಮೊಲ ಸಾಕಿದ್ರೆ ಫಿಪ್ರೋನಿಲ್ ಹತ್ತಿರಕ್ಕೂ ತರಬೇಡಿ, ಅದು ಮೊಲಕ್ಕೆ ವಿಷ. ಮನೇಲಿ ಎಷ್ಟು ನಾಯಿ ಬೆಕ್ಕು ಇದಾವೋ ಅಷ್ಟಕ್ಕೂ ಒಂದೇ ದಿನ ಹಾಕ್ಬೇಕು. ಒಂದನ್ನ ಬಿಟ್ರೆ ಅದರ ಮೇಲೆ ಸಂಸಾರ ಮತ್ತೆ ಶುರು.

ಎರಡನೇದು ನೆಲ. ನಮ್ಮ ಮನೇಲಿ ವ್ಯಾಕ್ಯೂಮ್ ಇಲ್ಲ. ಇದ್ದೋರು ಅದನ್ನೇ ಬಳಸಿ, ಅದರ ಅದುರಿಗೆ ಗೂಡಲ್ಲಿರೋವೂ ಎದ್ದು ಬರ್ತವೆ. ಧೂಳನ್ನ ಕವರ್‌ಗೆ ಹಾಕಿ ಬಿಗಿಯಾಗಿ ಕಟ್ಟಿ ಬಿಸಾಕಿ. ನಾವು ಪೊರಕೆಯಲ್ಲೇ ಮಂಚದಡಿ, ಮೂಲೆ, ಹೊಸ್ತಿಲ ಸಂದಿ ಗುಡಿಸಿ, ಆ ಧೂಳನ್ನ ಸೋಪು ನೀರಿನ ಬಕೆಟ್‌ಗೆ ಹಾಕ್ತಿದ್ವಿ. ಮೊದಲ ಮೂರು ವಾರ ದಿನ ಬಿಟ್ಟು ದಿನ. ಕರಿಯ ಮಲಗ್ತಿದ್ದ ಹಳೇ ಗೋಣಿಚೀಲ ಸುಟ್ವಿ. ಹೊಸದಾಗಿ ಹಳೇ ಬೆಡ್‌ಶೀಟ್ ಹಾಕಿ, ವಾರಕ್ಕೊಂದು ಸಲ ಕುದಿಯೋ ನೀರಲ್ಲಿ ನೆನೆಸಿ ಒಗೆದ್ವಿ. ಬಿಸಿಲು ಬಂದ ದಿನ ಚಾಪೆ, ಕಂಬಳಿ ಎಲ್ಲ ಅಂಗಳಕ್ಕೆ. ಮರಿಹುಳಕ್ಕೆ ತೇವ ಬೇಕೇ ಬೇಕು, ಒಣ ಬಿಸಿಲಲ್ಲಿ ಸಾಯುತ್ತೆ. ಆಷಾಢದ ಸೋನೆ ಮಳೆಯಲ್ಲಿ ನಮ್ಮ ಕಡೆ ಚಿಗಟ ಏಳೋದು, ಬೇಸಿಗೆಯಲ್ಲಿ ತಗ್ಗೋದು ಇದಕ್ಕೇ.

ಮೂರನೇದು ಕೊಟ್ಟಿಗೆ. ನಾಯಿ ಬೆಕ್ಕು ಮಲಗೋ ಹಳೇ ಹುಲ್ಲು ತೆಗೆದು ತಿಪ್ಪೆಗೆ ಹಾಕಿ, ನೆಲ ಕೆರೆದು ಒಣಗೋಕೆ ಬಿಟ್ವಿ. ಮಣ್ಣು ನೆಲದ ಬಿರುಕು ಮುಚ್ಚಿದ್ವಿ.

ರಾತ್ರಿ ಒಂದು ಆಟ ಆಡ್ತಿದ್ವಿ. ಅಗಲ ತಟ್ಟೆಗೆ ನೀರು, ಎರಡು ಹನಿ ಸೋಪು, ಮೇಲೆ ಸಣ್ಣ ಬಲ್ಬು. ಬೆಳಕಿಗೆ ಹಾರಿದ ಚಿಗಟ ನೀರಿಗೆ ಬಿದ್ದು ಮುಳುಗುತ್ತೆ. ಇದರಿಂದ ಚಿಗಟ ಮುಗಿಯಲ್ಲ, ಆದ್ರೆ ಕಮ್ಮಿ ಆಗ್ತಿದೆಯಾ ಅಂತ ಲೆಕ್ಕ ಸಿಗುತ್ತೆ. ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ತಟ್ಟೆ ಎಣಿಸಿ ನನಗೆ ಫೋನ್ ಮಾಡ್ತಿದ್ರು. ಎರಡನೇ ವಾರದಲ್ಲಿ ಲೆಕ್ಕ ಏರ್ತು. "ಔಷಧಿ ಸುಳ್ಳು ಕಣೋ" ಅಂದ್ರು. ಸುಳ್ಳಲ್ಲ, ಹಳೇ ಗೂಡುಗಳು ಒಡೀತಿದ್ವು. ಬಹಳ ಜನ ಕೈಬಿಡೋದು ಇಲ್ಲೇ. ನಾವು ಬಿಡಲಿಲ್ಲ.

ಈಗ ಮಾಡಬಾರದ್ದು. ಅರಕಲಗೂಡಿನ ನಮ್ಮ ಮಾವ ಈ ಕಥೆ ಕೇಳಿ, "ಇಷ್ಟಕ್ಕೆ ಮೂರು ತಿಂಗಳಾ? ಶುಂಠಿಗೆ ಹೊಡೆದು ಉಳಿದಿರೋ ಔಷಧಿ ಇದೆ, ಒಂದು ಸಲ ಹೊಡೆದ್ರೆ ನಾಯಿ, ಮೇಕೆ, ಮನೆ ಎಲ್ಲ ಕ್ಲೀನ್" ಅಂದ್ರು. ದಯವಿಟ್ಟು ಬೇಡ. ಹೊಲದ ಕೀಟನಾಶಕ ಚರ್ಮದ ಮೂಲಕವೇ ಮೈಗಿಳಿಯುತ್ತೆ. ನಾಯಿ ನೆಕ್ಕಿಕೊಳ್ಳುತ್ತೆ, ಮಗು ಅದೇ ನೆಲದಲ್ಲಿ ಅಂಬೆಗಾಲಿಟ್ಟು ಅದೇ ಕೈ ಬಾಯಿಗಿಡುತ್ತೆ. ಸೀಮೆಎಣ್ಣೆ ಚರ್ಮ ಸುಡುತ್ತೆ. ನುಸಿಗುಳಿಗೆ ಬೆಕ್ಕಿಗೂ ನಾಯಿಗೂ ವಿಷ. ಬೆಳ್ಳುಳ್ಳಿ ತಿನ್ನಿಸಿದ್ರೆ ಚಿಗಟ ಓಡುತ್ತೆ ಅಂತ ರೀಲ್ಸ್ ಬರ್ತವೆ, ಬೆಳ್ಳುಳ್ಳಿ ನಾಯಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತೆ. ಮನೆಗೆ ಸ್ಪ್ರೇ ಮಾಡಿಸಲೇಬೇಕು ಅಂದ್ರೆ ಮೊಟ್ಟೆ, ಮರಿ ಬೆಳೆಯದ ಹಾಗೆ ತಡೆಯೋ ಔಷಧಿ ಇದೆಯಾ ಅಂತ ಕೇಳಿ. ಪೂರ್ತಿ ಒಣಗೋವರೆಗೂ ಬೆಕ್ಕು, ಮಕ್ಕಳು ಹೊರಗಿರಲಿ. ಮೀನಿನ ತೊಟ್ಟಿ ಇದ್ರೆ ಬೇರೆ ಕಡೆ ಸಾಗಿಸಿ.

ಯಾವಾಗ ತಡ ಮಾಡಬಾರದು? ನಾಯಿಮರಿ, ಬೆಕ್ಕಿನಮರಿ, ಮೇಕೆಮರಿ ಮಂಕಾಗಿ ವಸಡು ಬಿಳಚಿಕೊಂಡಿದ್ರೆ ಅವತ್ತೇ ಹೋಗಿ. ಚಿಗಟ ಜಾಸ್ತಿಯಾದ್ರೆ ರಕ್ತ ಕಮ್ಮಿಯಾಗಿ ಮರಿ ಸಾಯುತ್ತೆ. ನಾಯಿ ಗುದದ ಹತ್ರ ಅಕ್ಕಿ ಕಾಳಿನಂಥದ್ದು ಕಂಡ್ರೆ ಅದು ಲಾಡಿಹುಳ. ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗಿದ್ರೆ ಬರುತ್ತೆ, ಅಪರೂಪಕ್ಕೆ ಮಕ್ಕಳಿಗೂ. ಕೆಲವು ನಾಯಿಗೆ ಚಿಗಟದ ಜೊಲ್ಲೇ ಅಲರ್ಜಿ, ಒಂದೆರಡು ಕಚ್ಚಿದ್ರೂ ಸೊಂಟದ ಕೂದಲೆಲ್ಲ ಉದುರುತ್ತೆ. ಮನೆಯವರಿಗೆ ಚಿಗಟ ಕಚ್ಚಿದ ಮೇಲೆ ಜ್ವರ, ತಲೆನೋವು, ಮೈಮೇಲೆ ದದ್ದು ಬಂದ್ರೆ ಡಾಕ್ಟರ್‌ಗೆ "ಮನೇಲಿ ಚಿಗಟ ಇತ್ತು, ಇಲಿ ಇದೆ" ಅಂತ ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ. ಚಿಗಟದಿಂದ ಬರೋ ಟೈಫಸ್ ಜ್ವರಕ್ಕೆ ಒಳ್ಳೇ ಔಷಧಿ ಇದೆ, ಆದ್ರೆ ಅವರಿಗೆ ಆ ಯೋಚನೆ ಬರ್ಬೇಕಲ್ಲ.

ಹೋಗೋಕೆ ಜಾಗಗಳೂ ಇವೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962. ಈಗಲೇ ಮೊಬೈಲ್‌ನಲ್ಲಿ ಸೇವ್ ಮಾಡ್ಕೊಳ್ಳಿ. ಆ ರಾತ್ರಿ ನನ್ನ ಮೊಬೈಲ್‌ನಲ್ಲಿ ಒಬ್ಬ ಪಶುವೈದ್ಯರ ನಂಬರೂ ಇರ್ಲಿಲ್ಲ.

ದಸರಾ ಹೊತ್ತಿಗೆ ತಟ್ಟೆ ಖಾಲಿ. ಸತತ ಹತ್ತು ದಿನ ಖಾಲಿ. ದೀಪಾವಳಿಗೆ ಅಕ್ಕ ಮಗು ಕರ್ಕೊಂಡು ಬಂದ್ಲು, ಮಗು ಕರಿಯನ ಬೆನ್ನ ಮೇಲೆ ತಲೆ ಇಟ್ಕೊಂಡು ಜಗಲಿ ಮೇಲೇ ನಿದ್ದೆ ಹೋಯ್ತು. ಅಪ್ಪ ಅದನ್ನ ನೋಡ್ತಾ ಕೂತಿದ್ರು. ಸಂತೆಗೆ ಬಿಡೋ ಮಾತು ಮತ್ತೆ ಯಾರೂ ಎತ್ತಲಿಲ್ಲ. ಕೊಟ್ಟಿಗೆ ಗೂಡಲ್ಲಿದ್ದ ಆ ಬಾಟಲಿ ಮೇಲೆ ಈಗ ಅಮ್ಮ ಇದ್ದಿಲಲ್ಲಿ ದೊಡ್ಡದಾಗಿ ಬರೆದಿದ್ದಾರೆ: "ಹಸುವಿಗೆ ಮಾತ್ರ".

ನಿಮ್ಮ ಮನೆ ಔಷಧಿ ಬಾಟಲಿ ಮೇಲೂ ಇವತ್ತು ಹಾಗೆ ಬರೀತೀರಾ? ಬೆಕ್ಕು ಸಾಕಿರೋ ಒಬ್ಬ ಗೆಳೆಯರಿಗಾದ್ರೂ ಈ ಸಂಚಿಕೆ ಕಳಿಸ್ತೀರಾ? ಮುಂದಿನ ವಾರ ಸಿಗೋಣ. ಈಗ ಹೋಗಿ ಕಾಲು ಕೆರ್ಕೊಳ್ಳಿ. ನಮಸ್ಕಾರ.